ಎರಡು ಪ್ರೋಗ್ರಾಂ, ಎರಡು ಕೋರ್: ಜೆಮ್5ನಲ್ಲಿ ಯಾರನ್ನ ಎಲ್ಲಿ ಕೂರಿಸೋದು?

ವಿಡಿಯೋದಲ್ಲಿ ಹೇಳಿದ್ದನ್ನ ನಿಧಾನವಾಗಿ ಓದೋರಿಗೆ ಅಂತ ಈ ಬರಹ. ಇವತ್ತಿನ ಪ್ರಶ್ನೆ ಚಿಕ್ಕದು: ಪ್ರೊಸೆಸರ್ ಸಿಮ್ಯುಲೇಟರ್‌ನಲ್ಲಿ ಈ ಪ್ರೋಗ್ರಾಂ ಇದೇ ಕೋರ್ ಮೇಲೆ ಓಡಬೇಕು ಅಂತ ಹೇಳೋದು ಹೇಗೆ? ಉತ್ತರವೂ ಚಿಕ್ಕದೇ. ಆದರೆ ಇಲ್ಲಿ ತಪ್ಪು ಮಾಡಿದರೆ ಎಷ್ಟೋ ಸಲ ಎರರ್ ಬರೋದಿಲ್ಲ, ನೋಡೋಕೆ ಸರಿಯಾಗೇ ಇರೋ ತಪ್ಪು ಉತ್ತರ ಬರುತ್ತೆ. ನನಗೆ ಹಾಗೆ ಬಂದಿತ್ತು. ಅಲ್ಲಿಂದಲೇ ಶುರು ಮಾಡ್ತೀನಿ.

ಸೊನ್ನೆ ಕಂಡ ರಾತ್ರಿ

ಎರಡು ಪ್ರೋಗ್ರಾಂ ಒಂದೇ ಎಲ್2 ಕ್ಯಾಶ್ ಹಂಚಿಕೊಂಡಾಗ ಒಂದರಿಂದ ಇನ್ನೊಂದಕ್ಕೆ ಎಷ್ಟು ತೊಂದರೆ ಆಗುತ್ತೆ ಅಂತ ಅಳೀಬೇಕಿತ್ತು. ಒಂದು ಮ್ಯಾಟ್ರಿಕ್ಸ್ ಗುಣಾಕಾರ, ಇನ್ನೊಂದು ದೊಡ್ಡ ಅರೇಯನ್ನ ಓದ್ತಾ ಹೋಗೋ ಪ್ರೋಗ್ರಾಂ. ಎರಡು ಕೋರ್ ಕೊಟ್ಟು ಓಡಿಸಿದೆ. ಎರಡರ ಔಟ್‌ಪುಟ್ಟೂ ಟರ್ಮಿನಲ್‌ನಲ್ಲಿ ಬಂತು. ಮ್ಯಾಟ್ರಿಕ್ಸ್ ಪ್ರೋಗ್ರಾಂ ಒಂಟಿಯಾಗಿ ಓಡಿದಾಗ ಎಷ್ಟು ವೇಗ ಇತ್ತೋ ಈಗಲೂ ಅಷ್ಟೇ. ‘ತೊಂದರೆ ಇಲ್ಲ, ಕ್ಯಾಶ್ ದೊಡ್ಡದು ಮಾಡೋ ಅಗತ್ಯ ಇಲ್ಲ’ ಅಂತ ರಿವ್ಯೂ ಸ್ಲೈಡ್‌ನಲ್ಲಿ ಬರೆದೇಬಿಟ್ಟೆ. ಹಿಂದಿನ ರಾತ್ರಿ ಸುಮ್ಮನೆ ಸ್ಟ್ಯಾಟ್ಸ್ ಫೈಲ್ ತೆಗೆದು ನೋಡಿದರೆ, ಎರಡನೇ ಕೋರ್ ಓಡಿಸಿದ ಇನ್‌ಸ್ಟ್ರಕ್ಷನ್‌ಗಳ ಎಣಿಕೆ ಸೊನ್ನೆ! ಅಲ್ಲಿ ಯಾರೂ ಓಡಿರಲೇ ಇಲ್ಲ. ಹಾಗಾದರೆ ಎರಡನೇ ಔಟ್‌ಪುಟ್ ಎಲ್ಲಿಂದ ಬಂತು? ಆ ಮಾತಿಗೆ ಆಮೇಲೆ ಬರ್ತೀನಿ.

ಚಾರ್ಟ್ ಮೊದಲೇ ತಯಾರಾಗಿರುತ್ತೆ

ಜೆಮ್5 ಅಂದ್ರೆ ಮಿಷಿಗನ್‌ನ ಎಂ5 ಮತ್ತು ವಿಸ್ಕಾನ್ಸಿನ್‌ನ ಜೆಮ್ಸ್ ಎರಡೂ ಸೇರಿ ಆದ ಸಿಮ್ಯುಲೇಟರ್. ಅದರ ಮೂಲ ಪೇಪರ್ ಬಂದಿದ್ದು 2011ರಲ್ಲಿ. ಇದರಲ್ಲಿ ಎರಡು ಮೋಡ್ ಇವೆ. ಎಫ್‌ಎಸ್, ಅಂದ್ರೆ ಫುಲ್ ಸಿಸ್ಟಂ ಮೋಡ್‌ನಲ್ಲಿ ಸಿಮ್ಯುಲೇಟರ್ ಒಳಗೆ ನಿಜವಾದ ಲಿನಕ್ಸ್ ಬೂಟ್ ಆಗುತ್ತೆ. ಎಸ್‌ಇ, ಅಂದ್ರೆ ಸಿಸ್ಟಂ ಕಾಲ್ ಎಮ್ಯುಲೇಷನ್ ಮೋಡ್‌ನಲ್ಲಿ ಲಿನಕ್ಸ್ ಇಲ್ಲ. ಪ್ರೋಗ್ರಾಂ ಸಿಸ್ಟಂ ಕಾಲ್ ಮಾಡಿದಾಗ ಅದಕ್ಕೆ ಸಿಮ್ಯುಲೇಟರ್ರೇ ಉತ್ತರ ಕೊಡುತ್ತೆ.

ಲಿನಕ್ಸ್ ಇಲ್ಲ ಅಂದ್ರೆ ಶೆಡ್ಯೂಲರ್ರೂ ಇಲ್ಲ. ಇಡೀ ವಿಷಯದ ಕೀಲಿಕೈ ಇದೇ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈ, ಪುಣೆಯಿಂದ ಊರಿಗೆ ಹೋಗೋರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಚಾರ್ಟ್ ತಯಾರಾಗಿದೆ, ಆದ್ರೆ ಬೋಗಿಯಲ್ಲಿ ಟಿಟಿಇ ಇಲ್ಲ ಅಂದುಕೊಳ್ಳಿ. ಚಾರ್ಟ್‌ನಲ್ಲಿ ಯಾವ ಬರ್ತ್ ಬರೆದಿದೆಯೋ ಅದೇ ನಿಮ್ಮದು, ದಾರಿ ಮಧ್ಯೆ ಎಬ್ಬಿಸಿ ಬೇರೆ ಕಡೆ ಕಳಿಸೋರು ಯಾರೂ ಇಲ್ಲ. ಎಸ್‌ಇ ಮೋಡ್ ಹಾಗೆ. ಗಾಡಿ ಹೊರಡೋ ಮುಂಚೆ ಕಾನ್ಫಿಗರೇಷನ್ ಸ್ಕ್ರಿಪ್ಟ್‌ನಲ್ಲಿ ನೀವು ಬರೆದದ್ದೇ ಚಾರ್ಟ್.

ಬರೆಯೋದು ಹೇಗೆ?

ಸ್ಕ್ರಿಪ್ಟ್ ಪೈಥಾನ್‌ನಲ್ಲಿರುತ್ತೆ. ಪ್ರತಿ ಪ್ರೋಗ್ರಾಂಗೂ ಒಂದು ಪ್ರೋಸೆಸ್ ಆಬ್ಜೆಕ್ಟ್ ಮಾಡಿ, ಅದರ ಕಮಾಂಡ್ ಕೊಡಿ. ಆಮೇಲೆ ಸೊನ್ನೆ ನಂಬರ್ ಸಿಪಿಯುವಿನ ವರ್ಕ್‌ಲೋಡ್‌ಗೆ ಮೊದಲನೇ ಪ್ರೋಸೆಸ್ಸು, ಒಂದನೇ ನಂಬರ್ ಸಿಪಿಯುವಿನ ವರ್ಕ್‌ಲೋಡ್‌ಗೆ ಎರಡನೇ ಪ್ರೋಸೆಸ್ಸು. ಕೊನೆಗೆ ಪ್ರತಿ ಸಿಪಿಯುವಿಗೂ ಕ್ರಿಯೇಟ್ ಥ್ರೆಡ್ಸ್ ಕರೀಬೇಕು. ಇಷ್ಟೇ.

ಒಂದು ಸೂಚನೆ: ಎರಡೂ ಪ್ರೋಸೆಸ್‌ಗೆ ಬೇರೆ ಬೇರೆ ಪಿಐಡಿ ಕೊಡಿ. ಮರೆತರೆ ಎರಡಕ್ಕೂ ಒಂದೇ ಡೀಫಾಲ್ಟ್ ನಂಬರ್ ಬರುತ್ತೆ, ಈ ಪಿಐಡಿ ಆಗಲೇ ಬಳಕೆಯಲ್ಲಿದೆ ಅಂತ ಹೇಳಿ ಸಿಮ್ಯುಲೇಟರ್ ನಿಂತುಬಿಡುತ್ತೆ. ಇದು ಒಳ್ಳೇ ಎರರ್, ಬಾಯಿಬಿಟ್ಟು ಹೇಳುತ್ತೆ.

ಜೆಮ್5 ಜೊತೆ ಬರೋ ಎಸ್‌ಇ ಉದಾಹರಣೆ ಸ್ಕ್ರಿಪ್ಟ್ ಈಗ ಡೆಪ್ರಿಕೇಟೆಡ್ ಫೋಲ್ಡರ್‌ನಲ್ಲಿದೆ, ಆದ್ರೂ ತುಂಬ ಜನ ಬಳಸ್ತಾರೆ. ಅದರಲ್ಲಿ ಪ್ರೋಗ್ರಾಂಗಳನ್ನ ಸೆಮಿಕೋಲನ್ ಹಾಕಿ ಒಂದೇ ಸಾಲಲ್ಲಿ ಕೊಡಬಹುದು. ಬರೆದ ಕ್ರಮವೇ ಕೋರ್‌ಗಳ ಕ್ರಮ: ಮೊದಲನೆಯದು ಸೊನ್ನೆಗೆ, ಮುಂದಿನದು ಒಂದಕ್ಕೆ.

ಹೊಸ ಸ್ಟ್ಯಾಂಡರ್ಡ್ ಲೈಬ್ರರಿ ಬಳಸೋರು ಇನ್ನೊಂದು ಗಮನಿಸಿ. ಬೋರ್ಡ್‌ಗೆ ಒಂದು ಬೈನರಿ ಕೊಟ್ಟರೆ ಅದೇ ಪ್ರೋಸೆಸ್ ಎಲ್ಲಾ ಕೋರ್‌ಗೂ ಸೇರುತ್ತೆ. ಬೇರೆ ಬೇರೆ ಬೇಕಿದ್ರೆ ಕೋರ್‌ಗಳ ಪಟ್ಟಿ ತಗೊಂಡು ಪ್ರತಿ ಕೋರ್‌ನ ಸೆಟ್ ವರ್ಕ್‌ಲೋಡ್‌ಗೂ ಅದರದರ ಪ್ರೋಸೆಸ್ ಕೊಡಬಹುದು.

ನಾಲ್ಕು ಕೋರ್ ಕೊಟ್ಟರೂ ಒಂದೇ ಯಾಕೆ ಓಡುತ್ತೆ?

ಒಂದೇ ಪ್ರೋಸೆಸ್ ನಾಲ್ಕು ಕೋರ್‌ಗೆ ಸೇರಿದ್ದರೂ ಶುರುವಿನಲ್ಲಿ ಎಚ್ಚರ ಆಗೋದು ಮೊದಲನೆಯದು ಮಾತ್ರ. ಉಳಿದವು ನಿದ್ದೆಯಲ್ಲಿ ಇರ್ತವೆ. ಪ್ರೋಗ್ರಾಂ ಹೊಸ ಥ್ರೆಡ್ ಹುಟ್ಟಿಸಿದರೆ ಆ ಥ್ರೆಡ್ ಖಾಲಿ ಇರೋ ಕೋರ್ ಮೇಲೆ ಕೂರುತ್ತೆ. ಥ್ರೆಡ್ ಇಲ್ಲದ ಪ್ರೋಗ್ರಾಂ ಆದರೆ ಮೂರು ಕೋರ್ ಕೊನೇವರೆಗೂ ಮಲಗೇ ಇರ್ತವೆ.

ಈಗ ನನ್ನ ಸೊನ್ನೆಯ ಗುಟ್ಟು. ಸೆಮಿಕೋಲನ್ ಇರೋ ಸಾಲಿಗೆ ನಾನು ಡಬಲ್ ಕೋಟ್ಸ್ ಹಾಕಿರಲಿಲ್ಲ. ಶೆಲ್‌ಗೆ ಸೆಮಿಕೋಲನ್ ಅಂದ್ರೆ ‘ಈ ಕಮಾಂಡ್ ಮುಗೀತು, ಮುಂದಿನದು ಓಡಿಸು’ ಅಂತ ಅರ್ಥ. ಜೆಮ್5 ಕೈಗೆ ಸಿಕ್ಕಿದ್ದು ಮೊದಲನೇ ಪ್ರೋಗ್ರಾಂ ಮಾತ್ರ. ಎರಡನೆಯದು ಸಿಮ್ಯುಲೇಟರ್ ಒಳಗೆ ಹೋಗಲೇ ಇಲ್ಲ, ಆಮೇಲೆ ನೇರವಾಗಿ ನನ್ನ ಲ್ಯಾಪ್‌ಟಾಪ್ ಮೇಲೇ ಓಡಿ ಔಟ್‌ಪುಟ್ ಕೊಟ್ಟಿತ್ತು! ಟರ್ಮಿನಲ್ ನೋಡಿ ಎರಡೂ ಓಡಿದೆ ಅಂತ ನಂಬಿದ್ದೆ. ಅದಕ್ಕೇ ಹೇಳೋದು, ಟರ್ಮಿನಲ್ ನಂಬಬೇಡಿ, ಸ್ಟ್ಯಾಟ್ಸ್ ಫೈಲ್ ನಂಬಿ. ಪ್ರತಿ ಕೋರ್‌ನ ಇನ್‌ಸ್ಟ್ರಕ್ಷನ್ ಎಣಿಕೆ ಮೊದಲು ನೋಡಿ, ಉಳಿದ ಅಂಕಿ ಆಮೇಲೆ.

ಎಫ್‌ಎಸ್ ಮೋಡ್‌ನಲ್ಲಿ ಟಿಟಿಇ ಇದ್ದಾನೆ

ಇಲ್ಲಿ ಒಳಗಿರೋ ಲಿನಕ್ಸ್ ತನಗೆ ಬೇಕಾದಾಗ ಪ್ರೋಗ್ರಾಂನ ಒಂದು ಕೋರ್‌ನಿಂದ ಇನ್ನೊಂದಕ್ಕೆ ಕಳಿಸಬಹುದು. ಹೋದ ಕಡೆ ಎಲ್1 ಕ್ಯಾಶ್‌ನಲ್ಲಿ ಅದರ ಡೇಟಾ ಇರೋದಿಲ್ಲ, ಮತ್ತೆ ತುಂಬಿಸ್ಕೋಬೇಕು. ಇದು ಬೇಡ ಅಂದ್ರೆ ನಾವು ಸರ್ವರ್‌ಗಳಲ್ಲಿ ಬಳಸೋ ಟಾಸ್ಕ್‌ಸೆಟ್ ಕಮಾಂಡನ್ನೇ ಸಿಮ್ಯುಲೇಟರ್ ಒಳಗಿನ ಲಿನಕ್ಸ್‌ನಲ್ಲೂ ಕೊಡಬೇಕು. ಹೊರಗೆ, ಲ್ಯಾಪ್‌ಟಾಪ್ ಮೇಲೆ ಜೆಮ್5ಗೇ ಟಾಸ್ಕ್‌ಸೆಟ್ ಹಾಕಿದರೆ ಪ್ರಯೋಜನ ಇಲ್ಲ. ಅದು ಸಿಮ್ಯುಲೇಟರ್ ಯಾವ ಅಸಲಿ ಕೋರ್ ಮೇಲೆ ಓಡಬೇಕು ಅಂತ ಹೇಳುತ್ತೆ, ಒಳಗಿನ ಪ್ರೋಗ್ರಾಂ ಬಗ್ಗೆ ಅಲ್ಲ. ಬಿಗ್-ಲಿಟಲ್ ತರ ದೊಡ್ಡ ಕೋರ್, ಚಿಕ್ಕ ಕೋರ್ ಬೇರೆ ಬೇರೆ ಇರೋ ಡಿಸೈನ್‌ನಲ್ಲಂತೂ ಈ ಹಂಚಿಕೆ ಮೇಲೇ ಇಡೀ ಫಲಿತಾಂಶ ನಿಂತಿರುತ್ತೆ.

ಕೂರಿಸಿದ್ದಾಯ್ತು, ಅಳೆಯೋದು?

ಮೂರು ಓಟ ಬೇಕು: ಮೊದಲನೆಯದು ಒಂಟಿಯಾಗಿ, ಎರಡನೆಯದು ಒಂಟಿಯಾಗಿ, ಎರಡೂ ಒಟ್ಟಿಗೆ. ಉದಾಹರಣೆಗೆ, ಮೊದಲನೆಯದರ ಐಪಿಸಿ ಒಂಟಿಯಾಗಿ 0.8, ಒಟ್ಟಿಗೆ 0.6 ಅಂದುಕೊಳ್ಳಿ. ಅಂದ್ರೆ ಉಳಿದ ವೇಗ 0.75 ಪಾಲು. ಎರಡನೆಯದು 0.5ರಿಂದ 0.45ಕ್ಕೆ ಇಳಿದರೆ 0.9 ಪಾಲು. ಕೂಡಿದರೆ 1.65. ಇದನ್ನ ವೆಯ್ಟೆಡ್ ಸ್ಪೀಡಪ್ ಅಂತಾರೆ. ತೊಂದರೆಯೇ ಇಲ್ಲದಿದ್ರೆ 2 ಬರಬೇಕಿತ್ತು.

ಇಲ್ಲಿ ಎರಡು ಗುಂಡಿ ಇವೆ. ಒಂದು, ಆ ಹಳೇ ಸ್ಕ್ರಿಪ್ಟ್‌ನ ಡೀಫಾಲ್ಟ್ ಸಿಪಿಯು ಆಟಾಮಿಕ್ ಮಾದರಿಯದು. ಅದರಲ್ಲಿ ಮೆಮೊರಿಗಾಗಿ ಕಾಯೋ ಸಮಯ ಲೆಕ್ಕಕ್ಕೆ ಬರಲ್ಲ, ಹಾಗಾಗಿ ತೊಂದರೆ ಇದ್ದರೂ ಕಾಣಲ್ಲ. ಟೈಮಿಂಗ್ ಮಾದರಿ ಅಥವಾ ಓ3 ಬಳಸಿ. ಎರಡು, ಎಸ್‌ಇ ಮೋಡ್‌ನಲ್ಲಿ ಸಿಮ್ಯುಲೇಷನ್ ನಿಲ್ಲೋದು ಕೊನೇ ಪ್ರೋಗ್ರಾಂ ಮುಗಿದಾಗ. ಚಿಕ್ಕದು ಬೇಗ ಮುಗಿದರೆ ದೊಡ್ಡದು ಉಳಿದ ದಾರಿಯೆಲ್ಲ ಇಡೀ ಕ್ಯಾಶ್ ತನ್ನದೇ ಮಾಡ್ಕೊಂಡು ಆರಾಮಾಗಿ ಓಡುತ್ತೆ, ಸರಾಸರಿ ಚೆನ್ನಾಗಿ ಕಾಣುತ್ತೆ. ಅದಕ್ಕೆ ಚಿಕ್ಕದನ್ನ ಲೂಪ್‌ನಲ್ಲಿ ಮತ್ತೆ ಮತ್ತೆ ಓಡಿಸಿ, ಅಥವಾ ಯಾವುದಾದರೂ ಒಂದು ಕೋರ್ ಇಂತಿಷ್ಟು ಇನ್‌ಸ್ಟ್ರಕ್ಷನ್ ಮುಟ್ಟಿದ ಕೂಡಲೇ ನಿಲ್ಲಿಸಿ. ಒಂಟಿ ಓಟದಲ್ಲೂ ಅಷ್ಟೇ ದೂರ ಅಳೆದು ಹೋಲಿಸಿ.

ಕೊನೇ ಪರೀಕ್ಷೆ: ಪ್ರೋಗ್ರಾಂಗಳನ್ನ ಅದಲು ಬದಲು ಮಾಡಿ ಓಡಿಸಿ. ಎರಡು ಕೋರೂ ಒಂದೇ ತರ ಇದ್ರೆ ಅಂಕಿಗಳೂ ಹೆಚ್ಚುಕಮ್ಮಿ ಒಂದೇ ತರ ಬರಬೇಕು. ಬರದಿದ್ರೆ ಜೋಡಣೆಯಲ್ಲಿ ಏನೋ ತಪ್ಪಿದೆ.

ನನ್ನ ಸ್ಲೈಡ್ ಏನಾಯ್ತು ಅಂದ್ರೆ, ಬೆಳಗಿನ ಜಾವದವರೆಗೂ ಕೂತು ಕೋಟ್ಸ್ ಹಾಕಿ ಮತ್ತೆ ಓಡಿಸಿದೆ. ತೊಂದರೆ ಚೆನ್ನಾಗೇ ಇತ್ತು. ‘ಅಗತ್ಯ ಇಲ್ಲ’ ಅನ್ನೋ ಸಾಲು ಅಳಿಸಿದೆ. ನೀವು ಅಳಿಸೋ ಪರಿಸ್ಥಿತಿ ತಂದುಕೊಳ್ಳಬೇಡಿ, ಬರೆಯೋ ಮುಂಚೆ ಆ ಒಂದು ಎಣಿಕೆ ನೋಡಿಬಿಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.