ತಂಗಿಯ ಮಗಳಿಗೆ ಸೋದರಮಾವ ಖಾತೆ ತೆರೆಯಬಹುದೇ?

ಪ್ರಶ್ನೆ: ತಂಗಿಯ ಮಗಳಿಗೆ ಏಳು ವರ್ಷ. ಕಾಳುಮೆಣಸು ಮಾರಿದಾಗಲೆಲ್ಲ ಅವಳ ಹೆಸರಿಗೆ ಒಂದಿಷ್ಟು ಹಣ ಕೂಡಿಡುವ ಆಸೆ. ನಾನೇ ಖಾತೆ ತೆರೆಯಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಹಣ ನಿಮ್ಮದಿರಲಿ, ಅರ್ಜಿಗೆ ಸಹಿ ಮಾತ್ರ ಮಗುವಿನ ಅಪ್ಪ ಅಥವಾ ಅಮ್ಮನದಾಗಬೇಕು. ಸೋದರಮಾವ ಕಾನೂನುಬದ್ಧ ಪೋಷಕನಾಗಲು ನ್ಯಾಯಾಲಯದ ಆದೇಶ ಬೇಕು. ಅಪ್ಪನೇ ಬರಬೇಕೆಂದೇನಿಲ್ಲ, ತಾಯಿಯೂ ಪೋಷಕಿಯಾಗಬಹುದು. ಲೇಖಕಿ ಗೀತಾ ಹರಿಹರನ್ ರಿಸರ್ವ್ ಬ್ಯಾಂಕಿನ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ತಾಯಿಯ ಈ ಹಕ್ಕನ್ನು ಎತ್ತಿಹಿಡಿದಿದೆ.

ಹುಡುಗಿಗೆ ಹತ್ತು ತುಂಬಿಲ್ಲವಾದ್ದರಿಂದ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಒಳ್ಳೆಯ ದಾರಿ. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಗರಿಷ್ಠ 1.5 ಲಕ್ಷ. 15 ವರ್ಷ ಕಟ್ಟಬೇಕು, ಖಾತೆ ತೆರೆದು 21 ವರ್ಷಕ್ಕೆ ಪೂರ್ತಿ ಹಣ ಕೈಸೇರುತ್ತದೆ. ಹದಿನೆಂಟು ತುಂಬಿದರೆ ಅಥವಾ ಎಸ್‌ಎಸ್‌ಎಲ್‌ಸಿ ಪಾಸಾದರೆ ಓದಿನ ಖರ್ಚಿಗೆ ಅರ್ಧದವರೆಗೆ ತೆಗೆಯಬಹುದು. ಒಂದು ಮಗುವಿಗೆ ಒಂದೇ ಖಾತೆ. ಈಗಾಗಲೇ ಇದೆಯೇ ಎಂದು ತಂಗಿಯನ್ನು ಮೊದಲೇ ಕೇಳಿ.

ಬೇಕೆಂದಾಗ ಶಾಲೆಯ ಫೀಸಿಗೆ ಹಣ ತೆಗೆಯುವಂತಿರಬೇಕಾದರೆ ಬ್ಯಾಂಕಿನ ಉಳಿತಾಯ ಖಾತೆಯೇ ಸರಿ. ಪಾಸ್‌ಬುಕ್ಕಿನಲ್ಲಿ ಮಗುವಿನ ಹೆಸರು, ಜೊತೆಗೆ ಪೋಷಕರ ಹೆಸರು ಇರುತ್ತದೆ. 2025ರ ರಿಸರ್ವ್ ಬ್ಯಾಂಕ್ ಸೂಚನೆಯಂತೆ ಹತ್ತು ದಾಟಿದ ಮಕ್ಕಳು, ಬ್ಯಾಂಕು ಒಪ್ಪಿದ ಮಿತಿಯೊಳಗೆ, ತಾವೇ ವ್ಯವಹರಿಸಬಹುದು. ಹದಿನೆಂಟಾದಾಗ ಅವಳ ಹೊಸ ಮಾದರಿ ಸಹಿ ಕೊಡಬೇಕು.

ಮಗುವಿನ ಜನನ ಪ್ರಮಾಣಪತ್ರ, ತಂಗಿಯ ಆಧಾರ್, ಪ್ಯಾನ್, ಫೋಟೊ ಹಿಡಿದು ಇಬ್ಬರೂ ಒಟ್ಟಿಗೆ ಹೋಗಿ. ಸಾಧ್ಯವಾದರೆ ಮಗುವನ್ನೂ ಕರೆದುಕೊಂಡು ಹೋಗಿ. ಉಳಿತಾಯದ ಮೊದಲ ಪಾಠ ಅವಳಿಗೆ ಅಲ್ಲೇ ಸಿಗಲಿ.