ಐದು ಕಿಲೊವ್ಯಾಟಿನ ಪಾಲು

ಸ್ಕಾಟ್ಲೆಂಡಿನ ಪಡುವಣ ಕಡಲಿನಲ್ಲಿ ಐಗ್ ಎಂಬ ಕಿರಿದಾದ ದ್ವೀಪವೊಂದುಂಟು. ಅಲ್ಲಿ ವಾಸಿಸುವವರು ಸುಮಾರು ನೂರು ಮಂದಿ. ದೇಶದ ವಿದ್ಯುಜ್ಜಾಲವು ಅಲ್ಲಿಗೆ ತಲುಪಿಲ್ಲವಾದುದರಿಂದ ಹಿಂದೆ ಮನೆಮನೆಯವರೂ ಬಹುಮಟ್ಟಿಗೆ ತಮ್ಮ ತಮ್ಮ ಡೀಸೆಲ್ ಯಂತ್ರಗಳನ್ನೇ ನಂಬಿಕೊಂಡಿದ್ದರು. 1997ರಲ್ಲಿ ನಿವಾಸಿಗಳು ಟ್ರಸ್ಟೊಂದರ ಮೂಲಕ ದ್ವೀಪವನ್ನೇ ಕೊಂಡರು. 2008ರ ಫೆಬ್ರುವರಿಯಲ್ಲಿ ತಮ್ಮದೇ ಆದ ವಿದ್ಯುತ್ ವ್ಯವಸ್ಥೆಯನ್ನು ಆರಂಭಿಸಿದರು. ನೀರು, ಗಾಳಿ, ಬಿಸಿಲು ಈ ಮೂರರಿಂದಲೂ ವಿದ್ಯುತ್ತು ಹುಟ್ಟುತ್ತದೆ. ಮಿಕ್ಕುದನ್ನು ಬ್ಯಾಟರಿಗಳು ಕೂಡಿಡುತ್ತವೆ. ಇವೆಲ್ಲ ಸಾಲದೆ ಬಂದಾಗ ಮಾತ್ರ ಡೀಸೆಲ್ಲಿನ ಸರದಿ.

ಬಿಸಿಲನ್ನೂ ಗಾಳಿಯನ್ನೂ ನಮ್ಮ ಬೇಡಿಕೆಗೆ ತಕ್ಕಂತೆ ಹೆಚ್ಚಿಸಲು ಬರುವುದಿಲ್ಲ. ಆದುದರಿಂದ ಬೇಡಿಕೆಗೇ ಕಡಿವಾಣ ಹಾಕಬೇಕಾಯಿತು. ಯಾವ ಮನೆಯೂ ಒಂದೇ ಕಾಲಕ್ಕೆ 5 ಕಿಲೊವ್ಯಾಟಿಗಿಂತ ಹೆಚ್ಚು ಸೆಳೆಯಕೂಡದು. ಉದ್ಯಮಗಳಿಗೆ 10 ಕಿಲೊವ್ಯಾಟ್. ಇದು ತಿಂಗಳ ಲೆಕ್ಕವಲ್ಲ, ಕ್ಷಣದ ಲೆಕ್ಕ ಎಂಬುದನ್ನು ವಾಚಕರು ಗಮನಿಸಬೇಕು. ನಮ್ಮ ಬಿಲ್ಲಿನಲ್ಲಿ ಕಾಣುವ ಯೂನಿಟ್ಟು ಕಿಲೊವ್ಯಾಟ್-ಗಂಟೆ. ಅದು ಕೊಡದಿಂದ ಖರ್ಚಾದ ನೀರಿನಂತೆ. ಕಿಲೊವ್ಯಾಟಾದರೋ ನಲ್ಲಿಯಲ್ಲಿ ಹರಿಯುವ ನೀರಿನ ರಭಸದಂತೆ. ನೀರು ಕಾಯಿಸುವ ಕೆಟಲು 2ರಿಂದ 3 ಕಿಲೊವ್ಯಾಟ್, ಒಗೆಯುವ ಯಂತ್ರವು ನೀರನ್ನು ಬಿಸಿಮಾಡುವಾಗ ಸುಮಾರು 2, ವಿದ್ಯುತ್ ಒಲೆ ಮತ್ತೆ 2. ಮೂರನ್ನೂ ಒಟ್ಟಿಗೆ ಹಚ್ಚಿದರೆ ಮಿತಿ ಮೀರಿತು, ಮನೆ ಕತ್ತಲಾಯಿತು! ಮಾಪಕವು ಬಳಕೆಯನ್ನು ಆಗಿಂದಾಗಲೇ ತೋರಿಸುತ್ತದೆ. ನೋಡುವ ಕೆಲಸ ಮಾತ್ರ ಮನೆಯವರದು.

ಇದು ನ್ಯಾಯವೆ? ಹಣವಿದ್ದ ಮನೆಗೂ ಇಲ್ಲದ ಮನೆಗೂ ಮಿತಿ ಒಂದೇ; ಅಷ್ಟರಮಟ್ಟಿಗೆ ನ್ಯಾಯವೇ ಸರಿ. ಬೇರೆಡೆಗಳಲ್ಲಿ ಇದೇ ಕೆಲಸವನ್ನು ದರದಿಂದ ಮಾಡಿಸುವುದುಂಟು. ಭಾರತ ಸರ್ಕಾರವು 2023ರಲ್ಲಿ ತಿದ್ದಿದ ನಿಯಮಗಳೂ ಬಿಸಿಲಿನ ಹೊತ್ತಿಗೆ ಕಡಮೆ, ಬೇಡಿಕೆ ಉಕ್ಕುವ ಹೊತ್ತಿಗೆ ಹೆಚ್ಚು ದರವನ್ನು ವಿಧಿಸುತ್ತವೆ. ಹಗಲು ಮನೆಯಲ್ಲಿರುವವರಿಗೂ ಬ್ಯಾಟರಿಯನ್ನು ಕೊಳ್ಳಬಲ್ಲವರಿಗೂ ಇದು ಲಾಭ; ಸಂಜೆ ಕೆಲಸದಿಂದ ಮರಳಿ ಒಲೆ ಹಚ್ಚುವವರಿಗೆ ಆ ಆಯ್ಕೆಯೆಲ್ಲಿ?

ಆದರೆ ಐಗ್‌ನ ಸಮಪಾಲಿನಲ್ಲಿಯೂ ಒಂದು ತೊಡಕಿದೆ. ಒಂಟಿಯಾಗಿರುವವನಿಗೂ ಆರು ಮಂದಿಯ ಸಂಸಾರಕ್ಕೂ 5 ಕಿಲೊವ್ಯಾಟೇ. ತುಂಬಿದ ಮನೆಯಲ್ಲಿ ಯಾವುದನ್ನು ಮೊದಲು ಹಚ್ಚಬೇಕು, ಯಾವುದನ್ನು ತಡೆಯಬೇಕು ಎಂಬುದನ್ನು ಯಾರಾದರೊಬ್ಬರು ದಿನವೂ ನೆನಪಿಡಲೇಬೇಕು. ಆ ದುಡಿಮೆ ಯಾವ ಮಾಪಕದಲ್ಲಿಯೂ ದಾಖಲಾಗುವುದಿಲ್ಲ. ಅಡಿಗೆ ಮಾಡುವವರ, ಬಟ್ಟೆ ಒಗೆಯುವವರ ಹೆಗಲಿಗೇ ಅದು ಬೀಳುವ ಸಂಭವ ಹೆಚ್ಚೆಂದು ನಮಗೆ ತೋರುತ್ತದೆ.

ಯಂತ್ರದ ಜಾಣತನವು ಬೇಕಾಗಿರುವುದು ಇಲ್ಲಿಯೇ. ಐಗ್‌ನಲ್ಲಿ ಬ್ಯಾಟರಿಗಳು ತುಂಬಿ ವಿದ್ಯುತ್ತು ಮಿಕ್ಕಾಗ, ಅದು ತಾನಾಗಿಯೇ ಸಮುದಾಯ ಭವನದಂತಹ ಸಾರ್ವಜನಿಕ ಕಟ್ಟಡಗಳ ಹೀಟರುಗಳಿಗೆ ಹರಿಯುತ್ತದೆ. ಅದಕ್ಕಾಗಿ ಯಾರೂ ಮಾಪಕವನ್ನು ಕಾಯುತ್ತ ಕೂರಬೇಕಾಗಿಲ್ಲ. ಸಭೆಗೆ ಬಂದವರಿಗೆ ಕೋಣೆ ಬೆಚ್ಚಗಿರುತ್ತದೆ.