ಮರಗಳ ನಡುವೆ ಡಿಸ್ಕ್ ಗಾಲ್ಫ್: ತೋಳಿನ ಬಲ ಇಲ್ಲಿ ಕೆಲಸಕ್ಕೆ ಬರಲ್ಲ

ಹೋದ ಸಲ ವೀಕೆಂಡ್ ಹವ್ಯಾಸಗಳ ಬಗ್ಗೆ ಮಾತಾಡುವಾಗ, ಆನ್‌ಸೈಟ್‌ನಲ್ಲಿದ್ದಾಗ ಡಿಸ್ಕ್ ಗಾಲ್ಫ್ ಆಡ್ತಿದ್ದೆ ಅಂತ ಒಂದು ಮಾತು ಹೇಳಿ ಮುಂದೆ ಹೋಗಿಬಿಟ್ಟಿದ್ದೆ. ಆಮೇಲೆ ಎರಡು ಥರದ ಪ್ರಶ್ನೆ ಬಂತು. ಒಂದು, "ಅದೇನು ಸಾರ್, ಫ್ರಿಸ್ಬೀನಾ?" ಇನ್ನೊಂದು ಪುಣೆ, ಹೈದರಾಬಾದ್‌ನಲ್ಲಿರೋ ನಮ್ಮ ಹುಡುಗರದ್ದು: "ಡಿಸ್ಕ್ ತರಿಸಿಕೊಂಡಿದ್ದೀವಿ, ಮನೆ ಹತ್ತಿರದ ಗುಡ್ಡದ ಮೇಲೆ ಶುರು ಮಾಡಬಹುದಾ?" ಎರಡನೇದಕ್ಕೆ ನನ್ನ ಉತ್ತರ, ಬೇಡ. ಯಾಕೆ ಬೇಡ ಅನ್ನೋದು ಅರ್ಥ ಆಗಬೇಕಾದರೆ ಕಾಡಿನೊಳಗಿನ ಒಂದು ಕೋರ್ಸ್ ಹೇಗಿರುತ್ತೆ ಅಂತ ಮೊದಲು ಹೇಳಬೇಕು.

ಆಟದ ಲೆಕ್ಕ ಸುಲಭ. ಗಾಲ್ಫ್‌ನಲ್ಲಿ ಚೆಂಡು ಹೊಡೀತಾರೆ, ಇಲ್ಲಿ ಸುಮಾರು 21 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ತಟ್ಟೆ ಎಸೀತಾರೆ. ಗುಂಡಿಯ ಬದಲು ಕಂಬಕ್ಕೆ ಸಿಕ್ಕಿಸಿದ ಕಬ್ಬಿಣದ ಬುಟ್ಟಿ, ಅದರ ಮೇಲೆ ಇಳಿಬಿಟ್ಟ ಸರಪಳಿಗಳು. ಡಿಸ್ಕ್ ಸರಪಳಿಗೆ ಬಡಿದು ಬುಟ್ಟಿಗೆ ಬಿದ್ದರೆ ಆ ಹೋಲ್ ಮುಗೀತು. ಆ ಝಲ್ ಅನ್ನೋ ಸದ್ದಿಗೇ ಅರ್ಧ ಜನ ಈ ಆಟಕ್ಕೆ ಬೀಳೋದು. ಡಿಸ್ಕ್ ಎಲ್ಲಿ ಬಿತ್ತೋ ಅಲ್ಲಿಂದಲೇ ಮುಂದಿನ ಎಸೆತ. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದ ಹಾಗೆ.

ಇದನ್ನ ಇವತ್ತಿನ ರೂಪಕ್ಕೆ ತಂದವರು ಎಡ್ ಹೆಡ್ರಿಕ್. ಫ್ರಿಸ್ಬೀ ಮಾರುತ್ತಿದ್ದ ವ್ಯಾಮ್-ಓ ಕಂಪನಿಯಲ್ಲಿದ್ದವರು. 1975ರಲ್ಲಿ ಲಾಸ್ ಏಂಜಲೀಸ್ ಹತ್ತಿರದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸ್ ಹಾಕಿಸಿದರು. ಆಗ ಗುರಿ ಅಂತ ಇದ್ದದ್ದು ಬರೀ ಕಂಬಗಳು. ತಾಗಿತು, ತಾಗಿಲ್ಲ ಅಂತ ಜಗಳ ಬಂದು, ಆಮೇಲೆ ಸರಪಳಿ ಬುಟ್ಟಿ ಬಂತು. 2002ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಇಚ್ಛೆಯಂತೆ ಚಿತಾಭಸ್ಮವನ್ನ ಪ್ಲಾಸ್ಟಿಕ್‌ನಲ್ಲಿ ಬೆರೆಸಿ ಡಿಸ್ಕ್ ಮಾಡಿದರು. ತಮಾಷೆ ಅಲ್ಲ, ನಿಜ.

ನಾನು ಆಡಿದ್ದು ಸಾಂತಾ ಕ್ರೂಜ್ ಊರಿನ ಡಿಲವಿಯಾಗಾ ಪಾರ್ಕಿನಲ್ಲಿ. ಆಡೋರ ಬಾಯಲ್ಲಿ ಅದು 'ಡಿಲಾ'. ಸ್ಯಾನ್ ಹೋಸೆ ಕಡೆ ಪ್ರಾಜೆಕ್ಟ್ ಮೇಲೆ ಹೋದವರಿಗೆ ಹೈವೇ 17 ಗೊತ್ತಿರುತ್ತೆ. ನಮ್ಮ ಘಾಟ್ ರಸ್ತೆ ಥರ ಬೆಟ್ಟ ಸುತ್ತಿಕೊಂಡು ಸುಮಾರು 50 ಕಿಲೋಮೀಟರ್ ಹೋದರೆ ಸಮುದ್ರ. ಆ ಊರಿನ ಗುಡ್ಡದ ಮೇಲೆ, ಊರಿನವರದೇ ಸಾರ್ವಜನಿಕ ಪಾರ್ಕಿನೊಳಗೆ, 1984ರಿಂದ ಇರೋ ಕೋರ್ಸ್ ಇದು. ಅಮೆರಿಕದ ವೃತ್ತಿಪರ ಆಟಗಾರರ ದೊಡ್ಡ ಟೂರ್ನಿ ಮಾಸ್ಟರ್ಸ್ ಕಪ್ ಇಲ್ಲಿ ಎಷ್ಟೋ ವರ್ಷ ನಡೆದಿದೆ. ಕೊನೆಯ 27ನೇ ಹೋಲ್‌ಗೆ 'ಟಾಪ್ ಆಫ್ ದ ವರ್ಲ್ಡ್' ಅಂತ ಹೆಸರು. ಗುಡ್ಡದ ನೆತ್ತಿಯಿಂದ ಇಳಿಜಾರಿಗೆ ಎಸೆಯೋದು, ದೂರದಲ್ಲಿ ಮಾಂಟೆರೇ ಕೊಲ್ಲಿ ಕಾಣುತ್ತೆ. ಎಲ್ಲರೂ ಫೋಟೊ ತೆಗೆಸಿಕೊಳ್ಳೋದು ಅಲ್ಲೇ. ಆದರೆ ಕೋರ್ಸಿನ ಅಸಲಿ ಕಷ್ಟ ಇರೋದು ಅದಕ್ಕಿಂತ ಮುಂಚಿನ ಹೋಲ್‌ಗಳಲ್ಲಿ, ಓಕ್ ಮರಗಳ ಕೆಳಗೆ.

ನಾನು ಮೊದಲ ಸಲ ಹೋದಾಗ ಆಫೀಸಿನವರ ಜೊತೆ ಬಯಲಿನಲ್ಲಿ ಒಂದೆರಡು ತಿಂಗಳು ಎಸೆದು ಅಭ್ಯಾಸ ಇತ್ತು. 80 ಮೀಟರ್ ಹೋಗ್ತಿತ್ತು, ಜಂಬ ಬಂದಿತ್ತು. ಕಾಡಿನೊಳಗೆ ಮೊದಲ 9 ಹೋಲ್‌ಗೆ 46 ಎಸೆತ ಹಿಡಿಯಿತು. 27ರಲ್ಲಿ ಮುಗಿಯಬೇಕಿತ್ತು. ನಮ್ಮ ಜೊತೆ ಸೇರಿಕೊಂಡಿದ್ದ, ಅರವತ್ತು ದಾಟಿದ, ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ಹಿರಿಯರು 29ರಲ್ಲಿ ಮುಗಿಸಿದರು. ಅವರ ಒಂದು ಎಸೆತವೂ ನನ್ನಷ್ಟು ದೂರ ಹೋಗಲಿಲ್ಲ. ಆರನೇದೋ ಏಳನೇದೋ ಹೋಲ್‌ನಲ್ಲಿ ನನ್ನ ಡಿಸ್ಕ್ ಮರಕ್ಕೆ ಬಡಿದು ಹಿಂದಕ್ಕೇ ಬಂದಾಗ ಅವರು ನಿಧಾನಕ್ಕೆ ಕೇಳಿದರು, "ಇದು ಎಲ್ಲಿ ಬೀಳಲಿ ಅಂತ ಎಸೆದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬುಟ್ಟಿ ಕಡೆಗೆ ಎಸೆದಿದ್ದೆ, ಅಷ್ಟೇ.

ಅಲ್ಲಿಂದ ಶುರುವಾಯ್ತು ನನ್ನ ಪಾಠ.

ಒಂದು ಲೆಕ್ಕ ನೋಡಿ, ಐಟಿಯವರಿಗೆ ಇದು ಬೇಗ ಹತ್ತುತ್ತೆ. ಎದುರಿಗೆ 30 ಮೀಟರ್ ದೂರದಲ್ಲಿ ಎರಡು ಮರ, ನಡುವೆ 3 ಮೀಟರ್ ಸಂದು ಅಂತಿಟ್ಟುಕೊಳ್ಳಿ. ನಾವು ನಿಂತ ಜಾಗದಿಂದ ಆ ಸಂದಿನ ಕೋನ ಆರು ಡಿಗ್ರಿಗಿಂತ ಸ್ವಲ್ಪ ಕಡಿಮೆ. ಅಂದ್ರೆ ನಡುಮಧ್ಯಕ್ಕೆ ಗುರಿಯಿಟ್ಟರೆ ಆಚೆ ಈಚೆ ಮೂರು ಡಿಗ್ರಿ ಅವಕಾಶ. ಕೈಯಿಂದ ಡಿಸ್ಕ್ ಬಿಡೋ ಕ್ಷಣದಲ್ಲಿ ಮಣಿಕಟ್ಟು ಅಷ್ಟು ತಪ್ಪಿದರೆ ಮರವೇ ಗತಿ. ಜೋರಾಗಿ ಬೀಸಿದಷ್ಟೂ ತಪ್ಪು ಜಾಸ್ತಿ. ಬಯಲಿನಲ್ಲಿ ಐದು ಡಿಗ್ರಿ ತಪ್ಪಿದರೂ ಡಿಸ್ಕ್ ಒಂದಷ್ಟು ಪಕ್ಕಕ್ಕೆ ಬೀಳುತ್ತೆ, ಯಾರೂ ಗಮನಿಸಲ್ಲ. ಕಾಡು ಆ ತಪ್ಪನ್ನ ಅಲ್ಲೇ ಟಪ್ ಅಂತ ಸದ್ದು ಮಾಡಿ ತೋರಿಸುತ್ತೆ. ಡಿಲಾದ 13ನೇ ಹೋಲ್‌ಗೆ ಅಲ್ಲಿನವರು 'ಐ-5' ಅಂತಾರೆ, ಅವರ ಹೈವೇ ಹೆಸರು. ಉದ್ದಕ್ಕೆ ಚಾಚಿದ ಮರಗಳ ಓಣಿ. ಅಲ್ಲಿ ನೇರ ಎಸೆಯೋಕೆ ಬರದವನಿಗೆ ಮೂರು ಎಸೆತದ ದಾರಿ ಏಳು ಆಗುತ್ತೆ.

ಸಮಸ್ಯೆ ಬರೀ ಕೋನದ್ದಲ್ಲ. ಡಿಸ್ಕ್ ನೇರ ಹೋಗೋ ವಸ್ತುವೇ ಅಲ್ಲ. ಬಲಗೈಯವರು ಮಾಮೂಲಿಯಾಗಿ, ಅಂದ್ರೆ ಇಸ್ಪೀಟು ಎಲೆ ಹಾಕಿದ ಹಾಗೆ ಎದೆ ಕಡೆಯಿಂದ ಹೊರಕ್ಕೆ ಬೀಸಿದರೆ ಅದು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತೆ. ವೇಗ ಜಾಸ್ತಿ ಇರುವಾಗ ಎಷ್ಟೋ ಡಿಸ್ಕ್‌ಗಳು ಸ್ವಲ್ಪ ಬಲಕ್ಕೆ ವಾಲುತ್ತವೆ. ವೇಗ ಇಳಿದ ಮೇಲೆ ಎಡಕ್ಕೆ ಬೀಳುತ್ತವೆ. ಹಾಗಾಗಿ ಹಾದಿ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ. ಬೆರಳನ್ನ ಅಡಿಗೆ ಕೊಟ್ಟು ಪಕ್ಕದಿಂದ, ಕೆರೆ ನೀರಿನ ಮೇಲೆ ಕಲ್ಲು ಕುಪ್ಪಳಿಸೋ ಹಾಗೆ ಎಸೆದರೆ ಸುತ್ತು ಉಲ್ಟಾ, ಕೊನೆಗೆ ಬೀಳೋದು ಬಲಕ್ಕೆ. ಕಾಡಿನಲ್ಲಿ ಈ ಎರಡೂ ಎಸೆತ ಬರಲೇಬೇಕು. ದಾರಿ ಎಡಕ್ಕೆ ತಿರುಗಿದರೆ ಮೊದಲನೇದು, ಬಲಕ್ಕೆ ತಿರುಗಿದರೆ ಎರಡನೇದು. ಒಂದೇ ಗೊತ್ತಿದ್ದವರು ಅರ್ಧ ಕೋರ್ಸಿಗೆ ಕುಂಟುತ್ತಾ ಆಡ್ತಾರೆ.

ಡಿಸ್ಕ್‌ನಲ್ಲೂ ಜಾತಿಗಳಿವೆ. ಡ್ರೈವರ್‌ಗೆ ಅಂಚು ಚೂಪು, ದೂರಕ್ಕೆ. ಪಟ್ಟರ್‌ಗೆ ಅಂಚು ದಪ್ಪ, ನಿಧಾನಕ್ಕೆ ತೇಲಿಕೊಂಡು ಹೋಗುತ್ತೆ. ಮಿಡ್‌ರೇಂಜ್ ಇವೆರಡರ ನಡುವೆ. ಹೊಸಬರು ಅಂಗಡಿಯಲ್ಲಿ ಮೊದಲು ಕೈ ಹಾಕೋದು ಡ್ರೈವರ್‌ಗೆ. ನಾನೂ ಹಾಗೇ ಮಾಡಿದ್ದು. ಆದರೆ ಡ್ರೈವರ್‌ಗೆ ಬೇಕಾದ ವೇಗ ಹೊಸಬರ ಕೈಯಲ್ಲಿ ಇರಲ್ಲ. ಸಾಕಷ್ಟು ವೇಗ ಸಿಗದೆ ಅದು ಬೇಗನೇ ಎಡಕ್ಕೆ ಬಿದ್ದುಬಿಡುತ್ತೆ. ಆ ಹಿರಿಯರು ಒಂಬತ್ತರಲ್ಲಿ ಏಳು ಹೋಲ್‌ಗೆ ಟೀಯಿಂದಲೇ ಪಟ್ಟರ್ ಎಸೆದರು. ನಿಧಾನ, ನೇರ, 50 ಮೀಟರ್. ಹೋಗಿ ನಿಂತಲ್ಲಿಂದ ಮುಂದಿನ ಸಂದು ಕಾಣಿಸ್ತಿತ್ತು. ನನ್ನದು 70 ಮೀಟರ್ ಹೋಗಿ ಪೊದೆಯೊಳಗೆ. ಯಾರು ಮುಂದೆ ಅಂತ ನೀವೇ ಹೇಳಿ.

ಮರಕ್ಕೆ ಬಡಿದ ಮೇಲೆ ಏನು ಮಾಡ್ತೀವಿ ಅನ್ನೋದರಲ್ಲೇ ಸ್ಕೋರ್ ಕೆಡೋದು, ಬಡಿದದ್ದರಿಂದ ಅಲ್ಲ. ಬಡಿಯೋದು ಎಲ್ಲರಿಗೂ ಆಗುತ್ತೆ. "ಮರದಲ್ಲಿ ತೊಂಬತ್ತು ಪರ್ಸೆಂಟ್ ಗಾಳಿಯೇ" ಅಂತ ಆಟಗಾರರ ಒಂದು ಹಳೇ ಜೋಕ್ ಇದೆ. ಸಣ್ಣ ಸಂದು ನೋಡಿ ಆಸೆ ಬಿದ್ದವನು ತನಗೆ ತಾನೇ ಹೇಳಿಕೊಳ್ಳೋ ಸುಳ್ಳು ಅದು. ಪೊದೆಯೊಳಗೆ ಬಿದ್ದಾಗ ಎರಡು ದಾರಿ: ಬುಟ್ಟಿ ಕಡೆಗಿರೋ ಕೈಯಗಲದ ಸಂದಿನಲ್ಲಿ ತೂರಿಸೋದು, ಇಲ್ಲಾ ಪಕ್ಕಕ್ಕೆ, ಬೇಕಾದರೆ ಹಿಂದಕ್ಕೆ ಎಸೆದು ಮೊದಲು ದಾರಿಗೆ ಬರೋದು. ಎರಡನೇದಕ್ಕೆ ಒಂದು ಎಸೆತ ಖರ್ಚು, ಖಾತ್ರಿ ಖರ್ಚು. ಮೊದಲನೇದು ಹತ್ತರಲ್ಲಿ ಒಂದು ಸಲ ಹೋಗುತ್ತೆ, ಉಳಿದ ಒಂಬತ್ತು ಸಲ ಇನ್ನೊಂದು ಮರ. ಪ್ರೊಡಕ್ಷನ್‌ನಲ್ಲಿ ಏನೋ ಒಡೆದಾಗ ರೋಲ್‌ಬ್ಯಾಕ್ ಮಾಡದೆ ಅಲ್ಲೇ ಪ್ಯಾಚ್ ಮೇಲೆ ಪ್ಯಾಚ್ ಹಾಕಿದವರಿಗೆ ಇದರ ರುಚಿ ಗೊತ್ತಿರುತ್ತೆ.

ನಿಯಮದಲ್ಲಿ ಕೆಲವು ಚಂದ ಇವೆ. ಎಸೆಯೋಕೆ ಅಡ್ಡ ಬಂತು ಅಂತ ಕೊಂಬೆ ಮುರಿಯೋ ಹಾಗಿಲ್ಲ. ಗಿಡವನ್ನ ಆದಷ್ಟು ಕಡಿಮೆ ಅಲುಗಾಡಿಸೋ ಹಾಗೆ ನಿಂತುಕೊಳ್ಳಬೇಕು. ಡಿಸ್ಕ್ ಮರದ ಮೇಲೆ ಸಿಕ್ಕಿಕೊಂಡರೆ ಅದರ ನೇರ ಕೆಳಗಿನ ನೆಲವೇ ನಿಮ್ಮ ಜಾಗ. ಕಳೆದುಹೋದ ಡಿಸ್ಕ್ ಹುಡುಕೋಕೆ ಮೂರು ನಿಮಿಷ, ಆಮೇಲೆ ಒಂದು ಎಸೆತ ದಂಡ. ಬುಟ್ಟಿಯಿಂದ 10 ಮೀಟರ್ ಒಳಗೆ ಎಸೆದ ಮೇಲೆ ಮುಂದಕ್ಕೆ ಮುಗ್ಗರಿಸೋ ಹಾಗಿಲ್ಲ, ನಿಂತಲ್ಲೇ ಸ್ಥಿರ ಇರಬೇಕು. ಡಿಲಾದಂಥ ಇಳಿಜಾರಿನಲ್ಲಿ ಇದೇ ದೊಡ್ಡ ಪರೀಕ್ಷೆ. ಬುಟ್ಟಿಗೆ ತಾಗದ ಡಿಸ್ಕ್ ಅಂಚಿನ ಮೇಲೆ ನಿಂತು ಚಕ್ರದ ಹಾಗೆ ಉರುಳಿಕೊಂಡು ಗುಡ್ಡ ಇಳಿದುಬಿಡುತ್ತೆ. ಐದು ಮೀಟರ್‌ನಿಂದ ಎಸೆದದ್ದು ನಲವತ್ತು ಮೀಟರ್ ಕೆಳಗೆ ಹೋದದ್ದನ್ನ ಬಾಯಿ ಬಿಟ್ಟುಕೊಂಡು ನೋಡಿದ್ದೀನಿ.

ಆ ಕಡೆ ಹೋಗೋರು ಒಂದು ಗಿಡದ ಗುರುತು ಇಟ್ಟುಕೊಳ್ಳಿ, ಪಾಯ್ಸನ್ ಓಕ್. ಒಂದೇ ತೊಟ್ಟಿನಲ್ಲಿ ಮೂರು ಎಲೆ. ತಾಗಿದ ಕೂಡಲೇ ಏನೂ ಆಗಲ್ಲ, ಅದೇ ಮೋಸ. ಒಂದೆರಡು ದಿನ ಬಿಟ್ಟು ತುರಿಕೆ, ಕೆಂಪು ಗುಳ್ಳೆ, ವಾರಗಟ್ಟಲೆ. ಮಲೆನಾಡು, ಕರಾವಳಿ ಕಡೆಯವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ: ಮಾವಿನ ಸೊನೆ ತುಟಿಗೆ ತಾಗಿ ಸುಟ್ಟಿರುತ್ತಲ್ಲ, ಹಸಿ ಗೋಡಂಬಿ ಸಿಪ್ಪೆಯ ಎಣ್ಣೆ ಕೈ ಸುಡುತ್ತಲ್ಲ, ಅದೇ ಸಸ್ಯಕುಟುಂಬ, ಹೆಚ್ಚುಕಮ್ಮಿ ಅದೇ ಬಗೆಯ ಎಣ್ಣೆ. ಆ ಎಣ್ಣೆ ಡಿಸ್ಕ್‌ಗೂ ಬಟ್ಟೆಗೂ ಅಂಟಿಕೊಂಡು ಮನೆವರೆಗೂ ಬರುತ್ತೆ. ಡಿಸ್ಕ್ ಅದರೊಳಗೆ ಬಿದ್ದರೆ ಒಂದು ಎಸೆತ ದಂಡ ತೆತ್ತು ಬುಟ್ಟಿಯ ನೇರಕ್ಕೆ ಹಿಂದೆ ಸರಿದು ಆಡೋಕೆ ನಿಯಮದಲ್ಲೇ ಅವಕಾಶ ಇದೆ. ಕಣ್ಣು ಮುಚ್ಚಿಕೊಂಡು ತೆರಬೇಕಾದ ದಂಡ ಅದು. ನಾನು ತೆರಲಿಲ್ಲ. ಮೊಣಕಾಲಿನಿಂದ ಕೆಳಗೆ ಹನ್ನೆರಡು ದಿನ ಕ್ಯಾಲಮೈನ್ ಹಚ್ಚಿಕೊಂಡು ಸ್ಟ್ಯಾಂಡ್‌ಅಪ್ ಮೀಟಿಂಗ್‌ನಲ್ಲಿ ನಿಂತಿದ್ದೆ.

ಈಗ ಗುಡ್ಡದ ವಿಷಯಕ್ಕೆ ಬರೋಣ. ಪುಣೆಗೆ ವಾಪಸ್ ಬಂದ ಹೊಸದರಲ್ಲಿ ನಾನೂ ನಿಮ್ಮ ಹಾಗೇ ಯೋಚಿಸಿದ್ದೆ. ಒಂದು ಭಾನುವಾರ ಬೆಳಿಗ್ಗೆ ಮೂರು ಜನ ಸ್ನೇಹಿತರ ಜೊತೆ ಇಲ್ಲಿನ ಒಂದು ಟೇಕಡಿ ಹತ್ತಿದೆ. ಮರಗಳ ನಡುವೆ ಚಂದದ ಓಣಿ ಕಾಣಿಸ್ತು, ಒಂದು ಮರವನ್ನ ಗುರಿ ಮಾಡಿಕೊಂಡು ಎಸೆದೆ. ಡಿಸ್ಕ್ ಕೊಂಬೆಗೆ ತಾಗಿ ದಿಕ್ಕು ಬದಲಿಸಿ ಎಡಕ್ಕೆ ಹೊರಟಿತು. ಅಲ್ಲಿ ಪೊದೆಯ ಆಚೆ ನಡೆಯೋರ ಕಾಲುದಾರಿ ಇತ್ತು, ನಮಗೆ ಕಾಣ್ತಿರಲಿಲ್ಲ. ಕೋಲು ಹಿಡಿದು ವಾಕ್ ಬರ್ತಿದ್ದ ಒಬ್ಬ ಅಜೋಬಾ ಅವರ ಕಿವಿ ಪಕ್ಕ ಹಾದು ಹೋಯ್ತು. ಒಂದು ಗೇಣು, ಜಾಸ್ತಿ ಇಲ್ಲ. 170 ಗ್ರಾಂ ಗಟ್ಟಿ ಪ್ಲಾಸ್ಟಿಕ್, ಡ್ರೈವರ್‌ನ ಚೂಪು ಅಂಚು. ತಾಗಿದ್ದರೆ ಏನಾಗ್ತಿತ್ತು ಅಂತ ಇವತ್ತಿಗೂ ಯೋಚನೆ ಬರುತ್ತೆ. ಅವರು ಬೈಲಿಲ್ಲ. ಬಗ್ಗಿ ಅದನ್ನ ಎತ್ತಿಕೊಂಡು, ತಿರುಗಿಸಿ ನೋಡಿ, "ಹೇ ಕಾಯ್ ಆಹೇ?" ಅಂತ ಕೇಳಿದರು. ಬೈದಿದ್ದರೆ ಚೆನ್ನಾಗಿರ್ತಿತ್ತು.

ಕೋರ್ಸ್ ಮಾಡೋದು ಅಂದ್ರೆ ಬುಟ್ಟಿ ನೆಡೋದಲ್ಲ ಅಂತ ಅವತ್ತು ಅರ್ಥ ಆಯ್ತು. ವಿನ್ಯಾಸ ಮಾಡೋರು ಡಿಸ್ಕ್ ಸರಿಯಾಗಿ ಹೋಗೋ ದಾರಿ ಮಾತ್ರ ನೋಡಲ್ಲ, ಕೆಟ್ಟ ಎಸೆತ, ಕೊಂಬೆಗೆ ತಾಗಿ ತಿರುಗಿದ ಎಸೆತ ಎಲ್ಲೆಲ್ಲಿ ಹೋಗಬಹುದು ಅಂತ ನೋಡಿ ನಡೆಯೋರ ದಾರಿಯನ್ನ ಅದರಿಂದ ದೂರ ಇಡಬೇಕು. ಮುಂದೆ ಏನಿದೆ ಅಂತ ಕಾಣದ ಕಡೆ ಒಬ್ಬರು ಮುಂದೆ ಹೋಗಿ ನಿಂತು ಕೈ ಎತ್ತಿದ ಮೇಲೇ ಎಸೀಬೇಕು. ಇಷ್ಟಾದರೂ ಪಾರ್ಕಿಗೆ ಪೆಟ್ಟು ಬೀಳೋದು ತಪ್ಪಲ್ಲ. ಟೀ ಹತ್ತಿರದ ಮರಗಳ ತೊಗಟೆ ಡಿಸ್ಕ್ ಬಡಿದು ಬಡಿದು ಗಾಯ ಆಗಿರುತ್ತೆ. ಬುಟ್ಟಿಗಳ ಸುತ್ತ ಜನ ಓಡಾಡಿ ಮಣ್ಣು ಗಟ್ಟಿಯಾಗಿ, ಮಳೆಗೆ ಕೊಚ್ಚಿ, ಬೇರು ಮೇಲೆ ಬಂದಿರುತ್ತೆ. ಇಂಥ ಕೋರ್ಸ್‌ಗಳನ್ನ ಉಳಿಸೋದು ಆಡೋರೇ: ರಜಾ ದಿನ ಬಂದು ಮರದ ಚೂರು ಹರಡಿ, ಇಳಿಜಾರಿಗೆ ಮೆಟ್ಟಿಲು ಕಟ್ಟಿ, ಬುಟ್ಟಿಯನ್ನ ಜಾಗ ಬದಲಿಸಿ ನೆಲಕ್ಕೆ ಸುಧಾರಿಸಿಕೊಳ್ಳೋಕೆ ಬಿಡ್ತಾರೆ.

ನಮ್ಮ ಊರುಗಳಲ್ಲಿ ಬೆಳಿಗ್ಗೆ ಆರಕ್ಕೇ ಟೇಕಡಿ ತುಂಬಾ ಜನ. ನಾವು ಅಲ್ಲಿ ಮೊದಲೇ ಹೊರಗಿನವರು, ಆ ಗುಡ್ಡ ಉಳಿಯಬೇಕು ಅಂತ ವರ್ಷಗಟ್ಟಲೆ ಓಡಾಡಿದವರು ಬೇರೆ ಇದ್ದಾರೆ. ಕಾಡಿನಲ್ಲೇ ಆಡಬೇಕು ಅಂತಿದ್ದರೆ ಖಾಸಗಿ ತೋಟ ಇರೋ ಸ್ನೇಹಿತರನ್ನ ಹುಡುಕಿ. ಊರ ಕಡೆ ಅಡಿಕೆ ತೋಟ ಇರೋರು, ನಿಮಗಿಂತ ಒಳ್ಳೆ ಓಣಿ ಯಾರಿಗೂ ಇಲ್ಲ. ಆದರೆ ಮನೆಯವರ ಒಪ್ಪಿಗೆ ತಗೊಂಡು, ಪಟ್ಟರ್ ಮಾತ್ರ ಎಸೀರಿ. ಅಡಿಕೆ ಮರದ ಮೈಗೆ ಡ್ರೈವರ್ ಬಡಿದರೆ ಅಪ್ಪ ಸುಮ್ಮನಿರಲ್ಲ.

ನಾನೀಗ ಆಡೋದು ನಮ್ಮ ಸೊಸೈಟಿ ಟೆರೇಸ್ ಮೇಲೆ. ಒಗೆಯೋ ಬಟ್ಟೆ ಹಾಕೋ ಬುಟ್ಟಿಯನ್ನ ಸ್ಟೂಲ್ ಮೇಲೆ ಇಟ್ಟು, ಎಂಟು ಮೀಟರ್‌ನಿಂದ, ದಿನಾ ಇಪ್ಪತ್ತು ಎಸೆತ. ಗೋಡೆ ಎತ್ತರ ಇದೆ, ಕೆಳಗೆ ಬೀಳಲ್ಲ. ನಿನ್ನೆ ಇಪ್ಪತ್ತರಲ್ಲಿ ಹದಿಮೂರು ಒಳಗೆ ಬಿತ್ತು. ಝಲ್ ಅನ್ನೋ ಸದ್ದು ಮಾತ್ರ ಇಲ್ಲ.